ಚೆನ್ನೆಮಣೆ ಮತ್ತು ಸೃಜನನ ಹೊಸ ಗುರು

ಅಂಧೇರಿ ಪೂರ್ವ
2-11-2025, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಮಸ್ಕತ್ತಿನಲ್ಲಿ ಊರಿಗೆಲ್ಲ ಮದ್ದು ಕೊಡುವ ನರ್ಸಮ್ಮ ತನ್ನ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ಫೋನಿದ್ದೂ ಪತ್ರವೇಕೆ ಎನ್ನಬೇಡ. ಈ ಒಂದು ಕೋಣೆಯ ಮನೆಯಲ್ಲಿ ಪಿಸುಗುಟ್ಟಿದರೂ ತಮ್ಮನಿಗೆ ಕೇಳಿಸುತ್ತದೆ, ದೂರು ಇರುವುದೂ ಅವನ ಮೇಲೆಯೇ. ಸುಭಾಷ ಮಾವ ನಾಳೆ ಅಲ್ಲಿಗೆ ಹೊರಟಿದ್ದಾರೆ, ಉಪ್ಪಿನಕಾಯಿಯ ಜೊತೆ ಇದನ್ನೂ ಕೊಡುತ್ತೇನೆ.

ಸೃಜನ ಡಿಪ್ಲೊಮಾ ಸೇರಿದಾಗ ಪ್ರೋಗ್ರಾಮಿಂಗ್ ಕಲಿಸಿದವಳು ನಾನು. ಆಫೀಸಿನಿಂದ ಲೋಕಲ್‌ನಲ್ಲಿ ನಿಂತುಕೊಂಡೇ ಬಂದು, ಚಹಾ ಕೂಡ ಕುಡಿಯದೆ ಅವನೆದುರು ಕೂರುತ್ತಿದ್ದೆ. ಮಳೆಗಾಲದ ಆಟಿ ತಿಂಗಳು ಕಳೆದ ಮೇಲೆ ಚೆನ್ನೆಮಣೆ ಮುಟ್ಟಬಾರದು ಎಂಬ ನಿನ್ನ ಮಾತನ್ನೂ ಮೀರಿ, ಅದರ ಗುಳಿಗಳಲ್ಲಿ ಕಾಯಿ ಹಾಕಿ, ಅಂಕಿಗಳನ್ನು ಸಾಲು ಮನೆಗಳಲ್ಲಿ ಇಡುವ ‘ಅರೇ’ ಎಂದರೇನು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ‘ಲೂಪ್’ ಒಂದು ಮನೆಯಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಎಂದು ತೋರಿಸಿದೆ. ಈಗ ಅವನ ಲ್ಯಾಪ್‌ಟಾಪಿಗೆ ಕೋಡ್ ಬರೆದುಕೊಡುವ ಎಐ ಬಂದಿದೆ. ಇವನು ಅರ್ಧ ಸಾಲು ಬರೆದರೆ ಉಳಿದದ್ದನ್ನು ಅದೇ ಬರೆಯುತ್ತದೆ. ನಾನು ಪಕ್ಕಕ್ಕೆ ಬಂದರೆ, "ರೆಹ್ನೇ ದೇ, ಬಿಡು ಅಕ್ಕ, ಇದು ಹೇಳ್ತದೆ," ಎನ್ನುತ್ತಾನೆ. ಅದಕ್ಕೆ ಥ್ಯಾಂಕ್ಯೂ ಎಂದು ಬೇರೆ ಬರೆಯುತ್ತಾನೆ ಅಮ್ಮಾ. ನನಗೆ ಒಂದು ದಿನ ಹೇಳಿದ್ದುಂಟೇ? ಹೊಟ್ಟೆಕಿಚ್ಚು ಎನ್ನುತ್ತೀಯಾ, ಹೌದು, ಹೊಟ್ಟೆಕಿಚ್ಚೇ. ನಾನೂ ಗುಟ್ಟಾಗಿ ಅದನ್ನು ಕೇಳಿ ನೋಡಿದೆ. ಲೂಪನ್ನು ನನಗಿಂತ ಚೆನ್ನಾಗಿ ವಿವರಿಸಿತು, ದರಿದ್ರದ್ದು. ಆದರೆ ಇವನು ವಿವರಣೆ ಕೇಳುವುದೇ ಇಲ್ಲ, ಉತ್ತರವನ್ನಷ್ಟೇ ಎತ್ತಿಕೊಳ್ಳುತ್ತಾನೆ.

ಮೊನ್ನೆ ಅವನು ಸ್ನಾನಕ್ಕೆ ಹೋದಾಗ, ಅವನೇ ಸ್ವಂತವಾಗಿ ಬರೆದ ಸಾಲುಗಳನ್ನು ಇಣುಕಿ ನೋಡಿದೆ. ಚೆನ್ನೆಮಣೆಯಲ್ಲಿ ಕೊನೆಯ ಗುಳಿ ದಾಟಿದರೆ ಮತ್ತೆ ಮೊದಲನೆಯದಕ್ಕೆ ಬರುತ್ತೇವಲ್ಲ, ಅರೇಯಲ್ಲೂ ಹಾಗೆಯೇ ಎಂದುಕೊಂಡಿದ್ದಾನೆ. ಕಂಪ್ಯೂಟರಿನಲ್ಲಿ ಕೊನೆಯ ಮನೆ ದಾಟಿದರೆ ಪ್ರೋಗ್ರಾಮ್ ಅಲ್ಲೇ ಬಿದ್ದುಹೋಗುತ್ತದೆ. ಪ್ರತಿ ಸಲ ಎಐ ಅದನ್ನು ಸದ್ದಿಲ್ಲದೆ ತಿದ್ದಿಬಿಡುತ್ತದೆ, ಇವನಿಗೆ ತಪ್ಪಿದ್ದದ್ದೇ ಗೊತ್ತಿಲ್ಲ. ಶುಕ್ರವಾರ ಪ್ರಾಕ್ಟಿಕಲ್ ಪರೀಕ್ಷೆ, ಅಲ್ಲಿ ನೆಟ್ ಇರುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ರಾತ್ರಿ ಪಾಳಿಗೆ ಸ್ವೆಟರ್ ಮರೆಯಬೇಡ. ನಿನ್ನ ಕೋಣೆಯ ಗೆಳತಿಯರಿಗೆಲ್ಲ ನನ್ನ ನೆನಪು ಹೇಳು.

ನಿನ್ನ ಮಗಳು,
ಹರಿಣಿ

ತಾ.ಕ.: ಸೋಮವಾರ ಬೆಳಗಾಯಿತು, ಮಾವ ಕೆಳಗೆ ರಿಕ್ಷಾ ನಿಲ್ಲಿಸಿ ಕೂಗುತ್ತಿದ್ದಾರೆ. ಆ ತಪ್ಪನ್ನು ನಾನಿನ್ನೂ ಅವನಿಗೆ ಹೇಳಿಲ್ಲ. ಅವನಾಗಿಯೇ ಬಂದು ಕೇಳಲಿ ಎಂದು ಕಾಯುತ್ತಿದ್ದೇನೆ, ಅವನು ಬರುವುದಿಲ್ಲ, ನನಗೆ ಬಾಯಿ ಬರುವುದಿಲ್ಲ. ಹೀಗೇ ಕೂತರೆ ಫೇಲಾಗುತ್ತಾನೆ. ಪತ್ರ ಸಿಕ್ಕ ಕೂಡಲೇ ಫೋನ್ ಮಾಡಿ ಅವನನ್ನು ನನ್ನ ಹತ್ತಿರ ಕಳಿಸು. ನಾನು ಬರೆದೆ ಎಂದು ಮಾತ್ರ ಹೇಳಬೇಡ.