ಸತ್ತವಳಿಗೆ ವನ್ಸ್ ಮೋರ್

ಜೂನ್ ೧೪, ಶನಿವಾರ

ಆ ಹುಡುಗರು ನನ್ನನ್ನು ಮೆಚ್ಚಿದರೋ, ಆಡಿಕೊಂಡರೋ? ಇನ್ನೂ ತಿಳಿಯುತ್ತಿಲ್ಲ.

ವಿಮಾನ ನಗರದ ಸಿನಿಮಾ ಕ್ಲಬ್ಬಿನ ಹುಡುಗರು ಇವತ್ತು ನನ್ನ ಮೂವತ್ತೈದು ವರ್ಷ ಹಿಂದಿನ ದೆವ್ವದ ಸಿನಿಮಾ ಹಾಕಿದ್ದರು. ನಾನೇ ಮುಖ್ಯ ಅತಿಥಿ! ಹದಿನಾಲ್ಕು ಸಿನಿಮಾಗಳಲ್ಲಿ ಸತ್ತಿದ್ದೇನೆ, ಯಾವ ಸಾವಿಗೂ ಜನ ಹೀಗೆ ಘೊಳ್ಳೆಂದು ನಕ್ಕಿದ್ದು ನೋಡಿರಲಿಲ್ಲ. ನಕ್ಕವರೇ ಕೂಗಿದರು, "ವನ್ಸ್ ಮೋರ್!"

ನಾಟಕ ಕಂಪನಿಯಲ್ಲಿ ಬೆಳೆದವಳು ನಾನು. ಅಲ್ಲಿ ವನ್ಸ್ ಮೋರ್ ಬಿದ್ದರೆ ಸತ್ತವಳೂ ಎದ್ದು ಮತ್ತೊಮ್ಮೆ ಸಾಯಬೇಕು. ಎದ್ದೆ! ಪರದೆಯ ಮುಂದೆ ನಿಂತು, ಮೈಕು ಬೇಡವೆಂದು, ಸಿನಿಮಾದಲ್ಲಿ ಸಾಯುವಾಗಿನ ಅದೇ ಚೀತ್ಕಾರ ತೆಗೆದು ದೊಪ್ಪನೆ ಬಿದ್ದೆ.

ನಗು ನಿಂತಿತು. ಚಪ್ಪಾಳೆಯೂ ಇಲ್ಲ. ಯಾರೋ ಆಂಬ್ಯುಲೆನ್ಸ್ ಕರೆಯಿರಿ ಎಂದರು.

ತಮ್ಮನ ಮಗಳು ವರದಾ ಓಡಿಬಂದಳು. "ಅತ್ತೀ, ಏಳ್ರಿ! ಸಿನಿಮಾ ಹೊಳ್ಳಿ ಹಾಕ್ರಿ ಅಂದ್ರು ಅವರು. ನೀವ್ಯಾಕ ಸಾಯ್ತೀರಿ?"

ಕಣ್ಣು ಬಿಟ್ಟೆ. ಎಲ್ಲರಿಗಿಂತ ಹೆಚ್ಚು ನಕ್ಕಿದ್ದ ಹುಡುಗಿ ನನ್ನ ಕೈ ಹಿಡಿದುಕೊಂಡು ಗಡಗಡ ನಡುಗುತ್ತಿದ್ದಳು. ಜನ್ಮದಲ್ಲಿ ಮೊದಲ ಸಲ ಒಬ್ಬರನ್ನು ನಿಜವಾಗಿ ಹೆದರಿಸಿದೆನೋ ಏನೋ. ಆದರೆ ಆ ಮುಖ ನೋಡಿ ನನಗೇ ಅಳು ಬಂತು, ಯಾಕೆ?

ಮುಂದಿನ ತಿಂಗಳು ಲೋಣಾವಳಾದ ಪ್ರದರ್ಶನಕ್ಕೂ ಕರೆದಿದ್ದಾರೆ, ಕುರ್ಚಿ ಬಿಟ್ಟು ಏಳಬಾರದೆಂಬ ಷರತ್ತಿನ ಮೇಲೆ. ಕುಳಿತೇ ಇರುವುದಾದರೆ ನಾನು ಅಲ್ಲಿ ಕುರ್ಚಿಯಲ್ಲೇ ಸಾಯುವುದನ್ನು ಕಲಿಯಬೇಕು.