ಕರಿ ಹೆಡ್‌ಫೋನೇ ಇರಲಿ

ರೀ,

ಬಾಣಾವರದ ಟ್ರೈನಿಗೆ ಹೊತ್ತಾಯ್ತು, ಹೊರಟೆ. ಆಪರೇಷನ್ ಆದಮೇಲೆ ಅತ್ತೆಗೆ ಈಗಷ್ಟೇ ಕಣ್ಣು ಹತ್ತಿದೆ, ಎಬ್ಬಿಸಬೇಡಿ. ಗಂಜಿ ಒಲೆ ಮೇಲಿದೆ.

ನಿನ್ನೆ ನೀವು ಬೇಸ್ ಗಿಟಾರ್ ಮಾರಿಬಿಡ್ತೀನಿ ಅಂದಾಗ ನನಗೂ ಸಾಕಾಗಿತ್ತು. ಬೆಳಗ್ಗೆ ನೀವು ತಂದ ಎರಡೂ ಹೆಡ್‌ಫೋನ್ ಹಾಕ್ಕೊಂಡು ನಾನೇ ತಂತಿ ಮೀಟಿ ನೋಡಿದೆ. ಚಿಕ್ಕದರಲ್ಲಿ ದಪ್ಪ ತಂತಿಯ ಸ್ವರವೇ ಇಲ್ಲ, ಬರೀ ಟಕ್ ಟಕ್. ಅದಕ್ಕೇ ನಿನ್ನೆ ನೀವು ಅದನ್ನ ಕಿತ್ತು ಸ್ಪೀಕರ್ ಹಾಕಿದ್ದು, ಅತ್ತೆ ಎದ್ದು ನರಳಿದ್ದು. ಆ ಚಿಕ್ಕದನ್ನ ಅಂಗಡಿಗೆ ವಾಪಸ್ ಕೊಡಿ. ಕಿವಿ ಪೂರ್ತಿ ಮುಚ್ಚೋ ಕರಿಯದು ಇಟ್ಕೊಳ್ಳಿ. ಸ್ವರ ತುಂಬಿ ಬರುತ್ತೆ, ಹೊರಗೆ ಸದ್ದಿಲ್ಲ.

ಮಾರೋ ಮಾತು ಬೇಡ. ಸಂಜೆ ನಾನು ಬಂದಮೇಲೆ ಆ ಕರಿಯದನ್ನ ನನ್ನ ಕಿವಿಗೆ ಹಾಕಿ ಗಿಟಾರ್ ನುಡಿಸಿ. ಇಷ್ಟು ವರ್ಷ ನಾನು ಅಡುಗೆಮನೆ ಗೋಡೆಯಾಚೆಯ ಗುಂಯ್ ಮಾತ್ರ ಕೇಳಿದ್ದು.

ಅರುಣಾ