ರೇಡಿಯೇಶನ್ ವಿಭಾಗದ ಬೆಂಚು

ಡಾಕ್ಟರಮ್ಮನವರಿಗೆ ನಮಸ್ಕಾರ.

ನಿನ್ನೆ ಮಗಳ ಪಕ್ಕದಲ್ಲಿ ಮೊಣಕಾಲು ಉಜ್ಜುತ್ತ ಕೂತಿದ್ದ ಮುದುಕ ನಾನು. ನೀವು ಇಂಗ್ಲಿಷಿನಲ್ಲಿ ಹೇಳಿದಿರಿ, ನನಗೆ ಕಾಲೇಜಿನ ಇಂಗ್ಲಿಷ್ ಅರ್ಧ ಮರೆತಿದೆ. ನನ್ನವಳು ಬದುಕಿದ್ದರೆ ಬಿಡಿಸಿ ಹೇಳುತ್ತಿದ್ದಳು. ಆದರೂ ತಿಳಿಯಿತು. ಕ್ಯಾನ್ಸರ್ ಗಂಟಷ್ಟೇ ತೆಗೆದು ಸ್ತನ ಉಳಿಸಿದ್ದಾಯಿತು, ಇನ್ನು ರೇಡಿಯೇಶನ್. ಪಾರ್ಷಿಯಲ್ ಎಂದರೆ ಗಂಟಿದ್ದ ಜಾಗಕ್ಕಷ್ಟೇ, ಒಂದು ವಾರ. ಹೋಲ್ ಎಂದರೆ ಇಡೀ ಸ್ತನಕ್ಕೆ, ಮೇಲೆ ಗಂಟಿದ್ದ ಜಾಗಕ್ಕೆ ಇನ್ನಷ್ಟು, ಅದೇ ಬೂಸ್ಟ್, ಒಟ್ಟು ನಾಲ್ಕು ವಾರ. ಮಗಳ ಚಿಕ್ಕ ವಯಸ್ಸಿಗೆ ಎರಡನೆಯದೇ ಒಳ್ಳೆಯದು ಎಂದಿರಿ.

ಅವಳು ಮೊದಲನೆಯದನ್ನೇ ಹಿಡಿದು ಕೂತಿದ್ದಾಳೆ. "ಅಪ್ಪಾ, ದಿನಾ ಎರಡು ಬಸ್ಸು ಹತ್ತಿ ಇಳಿಯೋಕೆ ನಿಮ್ಮ ಕೈಲಾಗುತ್ತಾ? ಮನೇಲಿರಿ ಅಂದ್ರೆ ಕೇಳೋರಲ್ಲ ನೀವು," ಅನ್ನುತ್ತಾಳೆ. ಹಟದಲ್ಲಿ ಥೇಟ್ ಅವರಮ್ಮ. ಇರಲಿ, ವಿಷಯಕ್ಕೆ ಬರುತ್ತೇನೆ. ದಣಿದಿರುವುದು ನಿಜ, ಆ ದಣಿವು ಮನೆಯಲ್ಲಿ ಕೂತರೂ ಹೋಗುವುದಿಲ್ಲ.

ನಾನು ಬಸ್ಸಿನ ಸೀಟು ಹೊಲಿದು ಬದುಕಿದವನು. ನಿಮ್ಮ ವಿಭಾಗದ ಬೆಂಚುಗಳ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಬಂದಿದೆ. ಸೋಮವಾರ ಅವಳು ಬಂದಾಗ, "ನಿಮ್ಮ ತಂದೆಗೆ ಇಲ್ಲಿ ನಾಲ್ಕು ವಾರದ ಕೆಲಸ ಒಪ್ಪಿಸಿದ್ದೇವೆ" ಎಂದುಬಿಡಿ. ಹೇಗೂ ನಾನು ದಿನಾ ಬರುವವನೇ ಎಂದಾದರೆ ಅವಳ ಹಟ ನಿಲ್ಲುತ್ತದೆ. ಕೂಲಿ ಬೇಡ. ಸೂಜಿ ದಾರ ನಾನೇ ತರುತ್ತೇನೆ.

ಹರಿದ ಬೆಂಚು ಇರುವುದು ಎರಡೇ. ನಿಧಾನವಾಗಿ ಹೊಲಿಯುತ್ತೇನೆ.

ಇಂತಿ,
ನಿಮ್ಮ ರೋಗಿಯ ತಂದೆ